ಗರುಡ, ಚಾವಡಿ, ಷೇರುದಾರ: ಶ್ರೀರಂಗಪಟ್ಟಣ ಸೀಮೆಯ ಆಡಳಿತ ರಚನೆಗಳು

ರಾಜಾಸ್ಥಾನವಾಗಲಿ ವ್ಯಾಪಾರ ಸಂಸ್ಥೆಯಾಗಲಿ ಎಷ್ಟು ಕಾಲ ಬಾಳುತ್ತದೆ, ಯಾರ ಹಿತಕ್ಕೆ ದುಡಿಯುತ್ತದೆ ಎಂಬುದು ಅದರ ಮುಖ್ಯಸ್ಥನ ಗುಣವನ್ನು ಅವಲಂಬಿಸಿರುವಷ್ಟೇ ಅದರ ರಚನೆಯನ್ನೂ, ಅಂದರೆ ಅಪ್ಪಣೆ ಯಾರಿಂದ ಯಾರಿಗೆ ಹೋಗುತ್ತದೆ, ಲೆಕ್ಕ ಯಾರ ಬಳಿ ಇರುತ್ತದೆ, ಆ ಲೆಕ್ಕವನ್ನು ಕೇಳುವ ಹಕ್ಕು ಯಾರಿಗಿದೆ ಎಂಬ ಏರ್ಪಾಟನ್ನೂ ಅವಲಂಬಿಸಿರುತ್ತದೆ. ಶ್ರೀರಂಗಪಟ್ಟಣ ಮತ್ತು ಕಾವೇರಿಯ ಉತ್ತರಕ್ಕಿರುವ ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಚರಿತ್ರೆಯು ಇಂಥ ಏರ್ಪಾಟುಗಳ ಏಳುಬೀಳನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಅವುಗಳಲ್ಲಿ ಹಳೆಯದು ವ್ಯಕ್ತಿನಿಷ್ಠೆಯ ಮೇಲೆ ನಿಂತ ರಚನೆ. ಒಡೆಯನು ತೀರಿದಾಗ ತಾವೂ ಪ್ರಾಣ ಬಿಡುವೆವೆಂದು ಪ್ರತಿಜ್ಞೆ ಮಾಡಿದ ಅಂಗರಕ್ಷಕರನ್ನು ಹೊಯ್ಸಳರ ಕಾಲದಲ್ಲಿ ಗರುಡರೆಂದು ಕರೆಯುತ್ತಿದ್ದರು; ಒಂದೇ ಮನೆತನದ ಹಲವು ತಲೆಮಾರಿನವರು ಹೀಗೆ ಜೀವ ತೆತ್ತುದಕ್ಕೆ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿರುವ 13ನೆಯ ಶತಮಾನದ ಗರುಡಗಂಬಗಳು ಸಾಕ್ಷಿಯಾಗಿವೆ. ಒಡೆಯನ ನಂತರ ಬದುಕಿರಲು ಒಪ್ಪದವನು ಒಡೆಯನಿಗೆ ಎರಡು ಬಗೆಯಲಾರನು, ನಿಜ. ಆದರೆ ಅವನು ಗಳಿಸಿದ ಅನುಭವವೂ ಅವನೊಡನೆಯೇ ಅಳಿಯುತ್ತದೆ.

ಅನುಭವವನ್ನು ಕಡತದಲ್ಲಿ ಉಳಿಸುವ ರಚನೆಯು 1610ರಿಂದ ಮೈಸೂರು ಅರಸರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ (1673–1704) ಕಾಲಕ್ಕೆ ರೂಪುಗೊಂಡಿತು. ಹದಿನೆಂಟು ಇಲಾಖೆಗಳಿದ್ದ ಕಾರಣ ಅಠಾರ ಕಚೇರಿ ಎನಿಸಿಕೊಂಡ ಈ ವ್ಯವಸ್ಥೆಯ ಮೇಲೆ, ಔರಂಗಜೇಬನ ಆಸ್ಥಾನಕ್ಕೆ ಹೋಗಿಬಂದ ನಿಯೋಗವು ಕಂಡ ಮೊಗಲ್ ಪದ್ಧತಿಯ ಪ್ರಭಾವವಿದೆಯೆಂದು ಇತಿಹಾಸಕಾರರು ಹೇಳುತ್ತಾರೆ. ಪ್ರತಿ ಇಲಾಖೆಗೆ ಚಾವಡಿಯೆಂದು ಹೆಸರು: ನಿರೂಪದ ಚಾವಡಿಯು ಬಂದ ಅರ್ಜಿಗಳನ್ನು ದಾಖಲಿಸಿ ಅರಸನ ಆಜ್ಞೆಗಳನ್ನು ಹೊರಡಿಸುತ್ತಿತ್ತು, ಆಯಕಟ್ಟಿನ ಚಾವಡಿಯು ರಾಜ್ಯದ ಲೆಕ್ಕಪತ್ರ ನೋಡುತ್ತಿತ್ತು, ಸುಂಕದ ಚಾವಡಿ ಸುಂಕವನ್ನೂ ದೇವಸ್ಥಾನದ ಚಾವಡಿ ದೇವಾಲಯಗಳನ್ನೂ ವಿಚಾರಿಸುತ್ತಿದ್ದವು. ನದಿಯ ಉತ್ತರದ ಸೀಮೆಗಳ ಕಂದಾಯವು ಪಟ್ಟಣ ಹೋಬಳಿಗೂ ದಕ್ಷಿಣದ್ದು ಮೈಸೂರು ಹೋಬಳಿಗೂ ಸೇರಿತ್ತು. ಅರಮನೆಯ ಹಸುಗಳನ್ನು ಸಾಕುತ್ತಿದ್ದ ಬೆಣ್ಣೆ ಚಾವಡಿಯು ಮುಂದೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು. ಅರಸುಮನೆತನಗಳು ಬದಲಾದರೂ ಇಲಾಖೆ ಉಳಿದುಕೊಂಡುದು ಈ ರಚನೆಯ ದೊಡ್ಡ ಗೆಲುವು.

ಆದರೆ ಚಾವಡಿಗಳು ಕೆಲಸವನ್ನು ಹಂಚಿದವೇ ಹೊರತು ಮೇಲಿನ ಅಧಿಕಾರವನ್ನು ಹಂಚಲಿಲ್ಲ. 18ನೆಯ ಶತಮಾನದಲ್ಲಿ ಸೇನಾಧಿಪತಿಯಾದ ದಳವಾಯಿಯ ಪದವಿಯೂ ಆದಾಯದ ಮೇಲಿನ ಹಿಡಿತವೂ ಕಳಲೆ ಮನೆತನದ ಅಣ್ಣತಮ್ಮಂದಿರಾದ ದೇವರಾಜಯ್ಯ, ನಂಜರಾಜಯ್ಯರಲ್ಲಿ ಕೂಡಿಕೊಂಡುದರಿಂದ ಅರಸನು ಹೆಸರಿಗಷ್ಟೇ ಅರಸನಾಗಿ ಉಳಿದನು. ಅದೇ ಸೇನೆಯಲ್ಲಿ ಮೇಲೇರಿದ ಹೈದರ್ ಅಲಿಯು 1761ರಲ್ಲಿ ಆ ಇಡೀ ಅಧಿಕಾರವನ್ನು ಕೈಗೆ ತೆಗೆದುಕೊಂಡನು.

ಟಿಪ್ಪುವು ವ್ಯಾಪಾರಕ್ಕೂ ಪ್ರತ್ಯೇಕ ಇಲಾಖೆ ಮಾಡಿ, ಶ್ರೀಗಂಧ, ಕಾಳುಮೆಣಸುಗಳ ಮಾರಾಟವನ್ನು ಸರ್ಕಾರಕ್ಕೆ ಸೇರಿಸಿ, ದೂರದ ಮಸ್ಕತ್‌ನಲ್ಲಿ ಕೋಠಿ, ಎಂದರೆ ವ್ಯಾಪಾರ ಮಳಿಗೆ, ನಡೆಸಿದನು. ಅವನ ಎದುರಾಳಿಯಾದರೋ ಅರಸನಲ್ಲ, 1600ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಂಪನಿ. ಷೇರುದಾರರು ಚುನಾಯಿಸಿದ 24 ನಿರ್ದೇಶಕರಿದ್ದ ಆ ಸಂಸ್ಥೆಯಲ್ಲಿ ಕಾರ್ನ್‌ವಾಲಿಸ್ ಹೋದರೆ ಇನ್ನೊಬ್ಬ ಗವರ್ನರ್ ಜನರಲ್ ಬರುತ್ತಿದ್ದನು; ಇಲ್ಲಿ 1799ರ ಮೇ 4ರಂದು ಒಬ್ಬ ಸುಲ್ತಾನನ ಸಾವಿನೊಡನೆ ಅವನ ಆಡಳಿತವೇ ಮುಗಿಯಿತು. ಕಂಪನಿಯ ರಚನೆ ಗಟ್ಟಿಯಾಗಿತ್ತು, ನ್ಯಾಯವಾಗಿತ್ತೆಂದಲ್ಲ: ಅದರ ಲೆಕ್ಕ ಕೇಳುವ ಹಕ್ಕು ಲಂಡನ್ನಿನ ಷೇರುದಾರರಿಗಿತ್ತು, ಕಂದಾಯ ಕಟ್ಟುವ ಇಲ್ಲಿನ ರೈತನಿಗಿರಲಿಲ್ಲ.

ಆ ಹಕ್ಕನ್ನು ರೈತನಿಗೆ ಕೊಟ್ಟ ರಚನೆ ಸಹಕಾರ ಸಂಘದ್ದು. ಪಾಂಡವಪುರ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಸಂಸ್ಥೆಯಲ್ಲಿ ಕಬ್ಬು ಬೆಳೆಯುವವನೇ ಷೇರುದಾರ, ಷೇರು ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಇಲ್ಲಿಯೂ ತೊಡಕಿದೆ: ಮಾರುವವನೂ ಕೊಳ್ಳುವವನೂ ಒಬ್ಬನೇ ಆದುದರಿಂದ ಕಬ್ಬಿಗೆ ಹೆಚ್ಚು ಬೆಲೆ ಬಯಸುವ ಸದಸ್ಯನ ಹಿತಕ್ಕೂ ಬಂಡವಾಳ ಉಳಿಯಬೇಕೆಂಬ ಕಾರ್ಖಾನೆಯ ಹಿತಕ್ಕೂ ಎಳೆದಾಟ ನಡೆಯುತ್ತದೆ. ಈ ಕಾರ್ಖಾನೆಯನ್ನು 2020ರಲ್ಲಿ ಖಾಸಗಿ ಸಂಸ್ಥೆಗೆ 40 ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಗುತ್ತಿಗೆಯಿಂದ ನಡೆಸುವ ಕೈ ಬದಲಾಗುತ್ತದೆ, ಸದಸ್ಯತ್ವ ಅಳಿಯುವುದಿಲ್ಲ. ಆದುದರಿಂದ ಷೇರುದಾರ ರೈತರು ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ, ಗುತ್ತಿಗೆಯ ಕರಾರನ್ನೂ ಲೆಕ್ಕಪರಿಶೋಧನೆಯ ವರದಿಯನ್ನೂ ಕೇಳಿ ಪಡೆದು ಓದಬೇಕು.