ಯೋಧರನ್ನು ಸಂಬೋಧಿಸುವ ಬಗೆ

ಮಾತಿನ ಮರ್ಯಾದೆಯಲ್ಲಿ ನಮ್ಮ ಕನ್ನಡ ಮನೆತನಗಳು ಎಂದೂ ಹಿಂದುಳಿದವುಗಳಲ್ಲ. ತಂದೆಗೆ ಬರೆಯುವ ಕಾಗದದಲ್ಲಿ ತೀರ್ಥರೂಪ, ತಾಯಿಗೆ ಮಾತೃಶ್ರೀ, ಮಗನಿಗೆ ಚಿರಂಜೀವಿ, ಮುತ್ತೈದೆಯಾದ ಮಗಳಿಗೆ ಸೌಭಾಗ್ಯವತಿ ಎಂದು ಒಬ್ಬೊಬ್ಬರಿಗೂ ತಕ್ಕ ಒಕ್ಕಣೆಯನ್ನು ಹಿರಿಯರು ಏರ್ಪಡಿಸಿಟ್ಟಿದ್ದರು. ಒಕ್ಕಣೆ ತಪ್ಪಿದರೆ, ಕಾಗದದೊಳಗೆ ಎಷ್ಟೇ ಒಳ್ಳೆಯ ಸುದ್ದಿಯಿದ್ದರೂ ಓದಿದವರ ಮುಖ ತುಸು ಬಾಡುತ್ತಿತ್ತು. ಇಂಥ ನಾವು, ದೇಶದ ನೆಲವನ್ನೂ ಕಡಲನ್ನೂ ಆಕಾಶವನ್ನೂ ಕಾಯುವವರ ವಿಷಯ ಬಂದಾಗ ಮಾತ್ರ ಎಲ್ಲರನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ‘ಮಿಲಿಟರಿಯವರು’ ಎಂದುಬಿಡುತ್ತೇವೆ. ಮದುವೆಯ ಕರೆಯೋಲೆಯಲ್ಲಿ ವೈದ್ಯರಿಗೆ ‘ಡಾಕ್ಟರ್’ ಎಂಬುದನ್ನು ಮರೆಯದವರು, ಹದಿನೈದು ವರ್ಷ ಹಿಮದಲ್ಲಿ ನಿಂತು ಹವಾಲ್ದಾರನಾದವನ ಹೆಸರಿನ ಹಿಂದೆ ಬರಿಯ ‘ಶ್ರೀ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ.

ಸಂಬೋಧನೆ ಎಂದರೆ ಎದುರಿನವನನ್ನು ನಮ್ಮ ಕಡೆಗೆ ಅಭಿಮುಖನನ್ನಾಗಿ ಮಾಡಿಕೊಳ್ಳುವುದು ಎಂದು ಸಂಸ್ಕೃತ ವೈಯಾಕರಣರು ಹೇಳುತ್ತಾರೆ. ಯಾವ ಹೆಸರಿನಿಂದ ಕರೆದರೆ ಅವನು ತನ್ನನ್ನೇ ಕರೆದರೆಂದು ತಿಳಿದು ತಿರುಗಿ ನೋಡುವನೋ ಅದೇ ಸರಿಯಾದ ಸಂಬೋಧನೆ. ಸೇನೆಯವರಿಗೆ ಆ ಹೆಸರು ಹುಟ್ಟಿನಿಂದ ಬಂದದ್ದಲ್ಲ, ಹಣದಿಂದ ಕೊಂಡದ್ದೂ ಅಲ್ಲ, ದುಡಿದು ಸಂಪಾದಿಸಿದ್ದು. ಆದಕಾರಣ ಅದರ ಕ್ರಮವನ್ನು ಗೃಹಸ್ಥರು ಸ್ವಲ್ಪವಾದರೂ ಅರಿತಿರುವುದು ಯುಕ್ತವೆಂದು ತೋರಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಮೊದಲು ಸಾಮಾನ್ಯ ನಾಮಗಳನ್ನು ನೋಡೋಣ. ಭೂಸೇನೆಯವನು ಸೈನಿಕ, ನೌಕಾಸೇನೆಯವನು ನಾವಿಕ ಅಥವಾ ನೌಸೈನಿಕ, ವಾಯುಸೇನೆಯವನು ವಾಯುಸೈನಿಕ ಅಥವಾ ಈಚಿನ ವಾಡಿಕೆಯಂತೆ ವಾಯುಯೋಧ. ಮೂವರೂ ಒಂದೇ ರಾಷ್ಟ್ರಪತಿಗೆ ಅಧೀನರಾದರೂ ಮೂವರ ಸಂಪ್ರದಾಯಗಳು ಬೇರೆ ಬೇರೆ. ನೌಕಾಸೇನೆಯ ಧ್ಯೇಯವಾಕ್ಯವು ವರುಣನನ್ನು ಕುರಿತ ವೇದೋಕ್ತ ಪ್ರಾರ್ಥನೆಯಿಂದ ಬಂದಿದೆ. ವಾಯುಸೇನೆಯದು ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯದಿಂದ ಆಯ್ದುದು. ನಾವಿಕನನ್ನು ಸಿಪಾಯಿ ಎಂದು ಕರೆದರೆ, ವೀಣೆಯವನನ್ನು ಮೃದಂಗದವನೆಂದು ಕರೆದಂತೆ ಆಗುತ್ತದೆ. ಅದರಲ್ಲಿ ನಿಂದೆಯೇನೂ ಇಲ್ಲ. ಆದರೆ ಅವನ ವಿದ್ಯೆಯನ್ನು ನಾವು ಗಮನಿಸಿಲ್ಲವೆಂಬುದು ಪ್ರಕಟವಾಗುತ್ತದೆ.

‘ಜವಾನ’ ಎಂಬ ಮಾತಿನ ವಿಷಯದಲ್ಲಿ ಕನ್ನಡಿಗರಿಗೆ ಒಂದು ವಿಶೇಷವಾದ ತೊಡಕುಂಟು. ಈ ಪಾರಸೀ ಶಬ್ದವೂ ಸಂಸ್ಕೃತದ ‘ಯುವನ್’ ಶಬ್ದವೂ ಒಂದೇ ಮೂಲದ ಒಡಹುಟ್ಟಿದವು. ತರುಣನೆಂಬುದೇ ಎರಡರ ಅರ್ಥ. ೧೯೬೫ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ತಮ್ಮ ಘೋಷಣೆಯಲ್ಲಿ ಜವಾನನನ್ನು ರೈತನ ಜೊತೆಯಲ್ಲಿ ನಿಲ್ಲಿಸಿದ ಮೇಲೆ ಹಿಂದೀ ಸೀಮೆಯಲ್ಲಿ ಇದಕ್ಕೆ ದೊಡ್ಡ ಗೌರವ ಬಂದಿದೆ. ನಮ್ಮ ಕಚೇರಿಗಳಲ್ಲಾದರೋ ಕಡತ ಹೊರುವ, ಗಂಟೆ ಬಾರಿಸುವ ನೌಕರನಿಗೆ ಈ ಹೆಸರು ಬಹುಕಾಲದಿಂದ ರೂಢವಾಗಿದೆ. ಆ ನೌಕರಿಯೂ ಮಾನವಾದದ್ದೇ ಸರಿ. ಆದರೆ ಒಂದು ಶಬ್ದಕ್ಕೆ ಎರಡು ಅರ್ಥಗಳಿದ್ದಾಗ ಕೇಳುವವನ ಕಿವಿಗೆ ಯಾವುದು ಮೊದಲು ಬೀಳುವುದೆಂದು ಆಲೋಚಿಸಬೇಕಷ್ಟೆ. ಆದುದರಿಂದ ಕನ್ನಡದಲ್ಲಿ ‘ಯೋಧ’ ಅಥವಾ ‘ಸೈನಿಕ’ ಎಂಬುದೇ ಮೇಲು.

ಇನ್ನು ಪದವಿಗಳ ವಿಚಾರ. ಇಲ್ಲಿ ಎಲ್ಲರಿಗೂ ಗೊಂದಲವನ್ನು ತರುವುದು ‘ಕ್ಯಾಪ್ಟನ್’ ಎಂಬ ಪದ. ಶಿರಸ್ಸೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಈ ಪದವನ್ನು ನಮ್ಮ ಹಿಂದಿನವರು ‘ಕಪ್ತಾನ’ ಎಂದು ಮಾಡಿಕೊಂಡಿದ್ದರು. ಭೂಸೇನೆಯಲ್ಲಿ ಕ್ಯಾಪ್ಟನ್ ಎಂದರೆ ಅಧಿಕಾರಿಗಳ ಏಣಿಯ ಎರಡನೆಯ ಮೆಟ್ಟಿಲು. ನೌಕಾಸೇನೆಯಲ್ಲಿ ಅದೇ ಹೆಸರಿನವನು ಭೂಸೇನೆಯ ಕರ್ನಲ್‌ಗೆ ಸಮನಾದವನು. ಭೂಸೇನೆಯ ಕ್ಯಾಪ್ಟನ್ ಮೇಜರ್ ಆಗಿ, ಲೆಫ್ಟಿನೆಂಟ್ ಕರ್ನಲ್ ಆಗಿ, ಬಳಿಕ ಕರ್ನಲ್ ಆದಮೇಲೆಯೇ ಆತನ ಸರಿಸಮನಾಗುವುದು. ವಾಯುಸೇನೆಯಲ್ಲಿ ಕರ್ನಲ್‌ಗೆ ಸಮನಾದವನನ್ನು ಗ್ರೂಪ್ ಕ್ಯಾಪ್ಟನ್ ಎನ್ನುವರು. ಭೂಸೇನೆಯ ಕ್ಯಾಪ್ಟನ್‌ಗೆ ನೌಕಾಸೇನೆಯಲ್ಲಿ ಲೆಫ್ಟಿನೆಂಟ್, ವಾಯುಸೇನೆಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಸಮಾನರು. ಅಷ್ಟೆ ಅಲ್ಲದೆ, ಯಾವ ಪದವಿಯವನಾಗಿದ್ದರೂ ಒಂದು ಹಡಗಿನ ಆಧಿಪತ್ಯ ವಹಿಸಿದವನನ್ನು ಆ ಹಡಗಿನವರು ಕ್ಯಾಪ್ಟನ್ ಎಂದೇ ಕರೆಯುವ ವಾಡಿಕೆ ಕಡಲಿನಲ್ಲಿ ಉಂಟು. ಆದಕಾರಣ ‘ನಿಮ್ಮ ಅಳಿಯ ಕ್ಯಾಪ್ಟನ್ನಂತೆ’ ಎಂದು ಯಾರಾದರೂ ಹೇಳಿದರೆ, ‘ಯಾವ ಸೇನೆಯಲ್ಲಿ?’ ಎಂದು ಕೇಳಿಯೇ ಮುಂದಿನ ಮಾತನ್ನಾಡುವುದು ಜಾಣತನ.

‘ಮಾರ್ಷಲ್’ ಎಂಬ ಪದವೂ ಹೀಗೆಯೇ. ಇದಕ್ಕೆ ನಮ್ಮ ಕೊಡಗಿನ ಒಂದೇ ಮನೆಯಲ್ಲಿ ನಿದರ್ಶನವಿದೆ. ೧೯೪೯ನೆಯ ಜನವರಿ ೧೫ರಂದು ಭಾರತದ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರಿಗೆ ೧೯೮೬ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ದೊರೆಯಿತು. ಅವರಿಗಿಂತ ಮೊದಲು, ೧೯೭೩ರಲ್ಲಿ, ಅದನ್ನು ಪಡೆದವರು ಮಾಣೆಕ್ ಷಾ ಅವರೊಬ್ಬರೇ. ಕಾರ್ಯಪ್ಪನವರ ಮಗ ವಾಯುಸೇನೆಯಲ್ಲಿ ಏರ್ ಮಾರ್ಷಲ್ ಆದರು. ಫೀಲ್ಡ್ ಮಾರ್ಷಲ್ ಎಂಬುದು ಭೂಸೇನೆಯ ಅತ್ಯುಚ್ಚ ಪದವಿ. ಏರ್ ಮಾರ್ಷಲ್ ಎಂಬುದು ಲೆಫ್ಟಿನೆಂಟ್ ಜನರಲ್‌ಗೆ ಸಮಾನ. ವಾಯುಸೇನೆಯ ಅತ್ಯುಚ್ಚ ಪದವಿಯನ್ನು ಪಡೆದವರು ಅರ್ಜನ್ ಸಿಂಗರೊಬ್ಬರೇ. ಅವರಿಗೆ ೨೦೦೨ರಲ್ಲಿ ಅದನ್ನು ಕೊಟ್ಟರು.

ಮಾತಿನಲ್ಲಿ ಕರೆಯುವಾಗ ಉದ್ದವಾದ ಪದವಿಗಳನ್ನು ಸಂಕ್ಷೇಪಿಸುವುದುಂಟು. ಲೆಫ್ಟಿನೆಂಟ್ ಕರ್ನಲ್ ಆದವರನ್ನು ‘ಕರ್ನಲ್’ ಎಂದೂ, ಮೇಜರ್ ಜನರಲ್ ಮತ್ತು ಲೆಫ್ಟಿನೆಂಟ್ ಜನರಲ್ ಆದವರನ್ನು ‘ಜನರಲ್’ ಎಂದೂ, ರಿಯರ್ ಅಡ್ಮಿರಲ್ ಮತ್ತು ವೈಸ್ ಅಡ್ಮಿರಲ್ ಆದವರನ್ನು ‘ಅಡ್ಮಿರಲ್’ ಎಂದೂ ಸಂಬೋಧಿಸಬಹುದು. ಕಾಗದದ ಮೇಲಾದರೋ ಪೂರ್ಣವಾಗಿಯೇ ಬರೆಯತಕ್ಕದ್ದು.

ದೊಡ್ಡ ಪದವಿಗಳ ಹೆಸರನ್ನು ಜನರು ಹೇಗೋ ಕಲಿತುಕೊಳ್ಳುತ್ತಾರೆ. ನಮ್ಮ ಅಲಕ್ಷ್ಯಕ್ಕೆ ಹೆಚ್ಚಾಗಿ ಗುರಿಯಾಗುವವರು ಕೆಳಗಿನ ಮತ್ತು ನಡುವಿನ ಮೆಟ್ಟಿಲುಗಳಲ್ಲಿ ಇರುವವರು. ನಮ್ಮ ಹಳ್ಳಿಗಳಿಂದ ಹೋದವರಲ್ಲಿ ಬಹುಮಂದಿ ಇವರೇ. ಭೂಸೇನೆಯಲ್ಲಿ ಸಿಪಾಯಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂಬುದು ಕ್ರಮ. ಇವರಲ್ಲಿ ‘ನಾಯಕ್’ ನಮ್ಮ ನಾಯಕನೇ. ಎಲ್ಲ ಸಿಪಾಯಿಗಳನ್ನೂ ಸಿಪಾಯಿ ಎಂದೇ ಕರೆಯುವುದಿಲ್ಲ. ತೋಪಿನ ಪಡೆಯಲ್ಲಿ ಅವನು ಗನ್ನರ್. ಎಂಜಿನಿಯರುಗಳ ಪಡೆಯಲ್ಲಿ ಸ್ಯಾಪರ್. ಸಂದೇಶದ ಪಡೆಯಲ್ಲಿ ಸಿಗ್ನಲ್‌ಮನ್. ಕುದುರೆ ಸವಾರರ ಪರಂಪರೆಯುಳ್ಳ ಟ್ಯಾಂಕುಗಳ ಪಡೆಯಲ್ಲಿ ಸವಾರ್. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನವನಿಗೆ ‘ಸ್ಯಾಪರ್’ ಎಂಬುದು ಬರಿಯ ಹೆಸರಲ್ಲ, ಅಭಿಮಾನದ ಮಾತು. ನೌಕಾಸೇನೆಯಲ್ಲಿ ಸೀಮನ್, ಲೀಡಿಂಗ್ ಸೀಮನ್, ಪೆಟಿ ಆಫೀಸರ್, ಚೀಫ್ ಪೆಟಿ ಆಫೀಸರ್, ಮಾಸ್ಟರ್ ಚೀಫ್ ಪೆಟಿ ಆಫೀಸರ್ ಎಂಬ ಸೋಪಾನವಿದೆ. ಇಲ್ಲಿ ‘ಪೆಟಿ’ ಎಂಬುದು ಫ್ರೆಂಚರ ಭಾಷೆಯಲ್ಲಿ ಚಿಕ್ಕದೆಂಬ ಅರ್ಥದ ಪದದಿಂದ ಬಂದದ್ದು. ಕ್ಷುಲ್ಲಕವೆಂಬ ಅರ್ಥವನ್ನು ಹಚ್ಚಿ ಯಾರೂ ನಗಬಾರದು. ವಾಯುಸೇನೆಯಲ್ಲಿ ಕಾರ್ಪೊರಲ್, ಸಾರ್ಜೆಂಟ್, ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಎಂಬುವು ಕ್ರಮವಾಗಿ ಏರುವ ಪದವಿಗಳು.

ಭೂಸೇನೆಯ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂವರು ಸಿಪಾಯಿಗಳಿಗೂ ಅಧಿಕಾರಿಗಳಿಗೂ ನಡುವಣ ಸೇತುವೆಯಂತೆ ಇರುವವರು. ಸವಾರರ ಪಡೆಯಲ್ಲಿ ಇವರನ್ನೇ ನಾಯಬ್ ರಿಸಾಲ್ದಾರ್, ರಿಸಾಲ್ದಾರ್, ರಿಸಾಲ್ದಾರ್ ಮೇಜರ್ ಎನ್ನುತ್ತಾರೆ. ಇವರನ್ನು ‘ಸುಬೇದಾರ್ ಸಾಹೇಬ್’ ಎಂದು ಸಂಬೋಧಿಸುವುದು ಸೇನೆಯ ಹಳೆಯ ಪದ್ಧತಿ. ಅಕಾಡೆಮಿಯಿಂದ ಹೊಸದಾಗಿ ಬಂದ ಇಪ್ಪತ್ತೆರಡು ವಯಸ್ಸಿನ ಲೆಫ್ಟಿನೆಂಟ್ ಸಹ, ತಾನು ಮೇಲಧಿಕಾರಿಯಾಗಿದ್ದರೂ, ನರೆತ ಕೂದಲಿನ ಸುಬೇದಾರರನ್ನು ‘ಸಾಹೇಬ್’ ಎಂದೇ ಕರೆಯುತ್ತಾನೆ. ಅಧಿಕಾರಕ್ಕೂ ಅನುಭವಕ್ಕೂ ಏಕಕಾಲದಲ್ಲಿ ಮರ್ಯಾದೆ ಸಲ್ಲಿಸುವ ಈ ಪದ್ಧತಿಯನ್ನು ನಮ್ಮ ಶಾಲೆಗಳೂ ಕಚೇರಿಗಳೂ ಕಲಿತರೆ ಕೇಡೇನೂ ಆಗದು. ಗಣರಾಜ್ಯದಿನದಂದೂ ಸ್ವಾತಂತ್ರ್ಯದಿನದಂದೂ ಇವರಲ್ಲಿ ಯೋಗ್ಯರಾದವರಿಗೆ ಆನರರಿ ಲೆಫ್ಟಿನೆಂಟ್, ಆನರರಿ ಕ್ಯಾಪ್ಟನ್ ಎಂಬ ಪದವಿಗಳನ್ನು ಕೊಡುವರು. ೧೯೮೭ರಲ್ಲಿ ಸಿಯಾಚಿನ್ ಪ್ರಾಂತದ ಶಿಖರವೊಂದನ್ನು ಗೆದ್ದು ಪರಮವೀರಚಕ್ರವನ್ನು ಪಡೆದ ಬಾನಾ ಸಿಂಗರು ಆಗ ನಾಯಬ್ ಸುಬೇದಾರರು. ಮುಂದೆ ಸುಬೇದಾರ್ ಮೇಜರ್ ಆಗಿ ಆನರರಿ ಕ್ಯಾಪ್ಟನ್ ಆದರು. ಇಂಥವರನ್ನು ಕ್ಯಾಪ್ಟನ್ ಎಂದು ಕರೆಯುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ನಿವೃತ್ತರ ವಿಷಯದಲ್ಲಿ ವ್ಯಾಕರಣವೇ ನಮಗೆ ದಾರಿ ತೋರಿಸುತ್ತದೆ. ‘ಕರ್ನಲ್ (ನಿವೃತ್ತ) ಇಂಥವರು’ ಎಂದು ಬರೆದರೆ ವಿಶೇಷಣವು ಪದವಿಗೆ ಅಂಟಿಕೊಳ್ಳುತ್ತದೆ. ನಿವೃತ್ತಿ ಹೊಂದುವುದು ಮನುಷ್ಯನೇ ಹೊರತು ಪದವಿಯಲ್ಲ ಎಂಬುದು ಸೇನೆಯವರ ಮತ. ಆದಕಾರಣ ‘ಕರ್ನಲ್ ಇಂಥವರು (ನಿವೃತ್ತ)’ ಎಂದು ಹೆಸರಿನ ಮುಂದೆ ಆ ಮಾತನ್ನು ಇಡತಕ್ಕದ್ದು. ಹವಾಲ್ದಾರರಿಗೂ ಇದೇ ನ್ಯಾಯ. ಫೀಲ್ಡ್ ಮಾರ್ಷಲರಿಗೆ ಮಾತ್ರ ‘ನಿವೃತ್ತ’ ಎಂಬುದನ್ನು ಸೇರಿಸುವ ಹಾಗೆಯೇ ಇಲ್ಲ; ಆ ಪದವಿ ಬಾಳಿನುದ್ದಕ್ಕೂ ಇರತಕ್ಕದ್ದು. ಸ್ವತಂತ್ರ ಭಾರತವು ರಾವ್ ಬಹದ್ದೂರ್ ಮೊದಲಾದ ಬಿರುದುಗಳ ಕಾಲವನ್ನು ಮುಗಿಸಿತಲ್ಲ, ಇದೇನು ಹೊಸ ಬಿರುದುಗಳ ಹಂಬಲ ಎಂದು ಕೇಳುವವರಿರಬಹುದು. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೮ನೆಯ ವಿಧಿಯು ರಾಜ್ಯವು ಬಿರುದುಗಳನ್ನು ಕೊಡಬಾರದೆಂದು ನಿಷೇಧಿಸುವಾಗಲೇ, ಸೈನಿಕ ಗೌರವ ಮತ್ತು ವಿದ್ಯೆಯ ಗೌರವ ಎಂಬೆರಡನ್ನು ಆ ನಿಷೇಧದಿಂದ ಹೊರಗಿಟ್ಟಿದೆ. ಕಲಿತದ್ದನ್ನೂ ಕಾದದ್ದನ್ನೂ ಗಣರಾಜ್ಯವು ಒಂದೇ ತಕ್ಕಡಿಯಲ್ಲಿ ಇಟ್ಟಿರುವುದು ಮನನೀಯವಾದ ಸಂಗತಿ.

ಪದವಿಗೆ ಲಿಂಗಭೇದವಿಲ್ಲ. ಈಗ ಮೂರು ಸೇನೆಗಳಲ್ಲಿಯೂ ಸ್ತ್ರೀಯರು ಅಧಿಕಾರಿಗಳಾಗಿದ್ದಾರೆ. ಮೇಜರ್ ಆದವಳು ಮೇಜರೇ; ವಿಂಗ್ ಕಮಾಂಡರ್ ಆದವಳು ವಿಂಗ್ ಕಮಾಂಡರೇ. ಸೇನೆಯ ಶುಶ್ರೂಷಾ ವಿಭಾಗದವರೂ ಪದವಿಯುಳ್ಳ ಅಧಿಕಾರಿಗಳು. ಅವರನ್ನು ಬರಿಯ ‘ಸಿಸ್ಟರ್’ ಎಂದು ಕರೆದು ನಿಲ್ಲಿಸಬಾರದು. ಹೆಂಡತಿ ಮೇಜರಳಾಗಿ ಗಂಡ ಬೇರೆ ವೃತ್ತಿಯಲ್ಲಿದ್ದರೆ ಕರೆಯೋಲೆಯ ಮೇಲೆ ‘ಶ್ರೀ ಮತ್ತು ಶ್ರೀಮತಿ’ ಎಂಬ ಹಳೆಯ ಸಾಲು ಸಾಲದು. ‘ಮೇಜರ್ ಇಂಥವರು ಮತ್ತು ಶ್ರೀ ಇಂಥವರು’ ಎಂದು ಬರೆಯಬೇಕು. ಇದರಿಂದ ಗಂಡನ ಮಾನಕ್ಕೆ ಯಾವ ಕೊರತೆಯೂ ಇಲ್ಲ.

ಸೇನೆಯಂತೆಯೇ ಸಮವಸ್ತ್ರ ಧರಿಸುವ ಬೇರೆ ಪಡೆಗಳೂ ಇವೆ. ೧೯೭೮ರ ಕಾಯಿದೆಯಿಂದ ಸ್ಥಿರವಾದ ಕರಾವಳಿ ಕಾವಲು ಪಡೆಯಲ್ಲಿ ನಾವಿಕ್, ಉತ್ತಮ್ ನಾವಿಕ್, ಪ್ರಧಾನ್ ನಾವಿಕ್ ಎಂಬ ಸೊಗಸಾದ ದೇಶೀಯ ಹೆಸರುಗಳಿವೆ. ಅಧಿಕಾರಿಗಳು ಕಮಾಂಡೆಂಟ್ ಮೊದಲಾದವರು. ಗಡಿ ಭದ್ರತಾ ಪಡೆಯವರು ಗೃಹಮಂತ್ರಾಲಯಕ್ಕೆ ಸೇರಿದವರು. ಕಾನ್ಸ್‌ಟೇಬಲ್, ಇನ್ಸ್‌ಪೆಕ್ಟರ್ ಮೊದಲಾದ ಪದವಿಗಳು ಅವರವು. ನೌಕಾಸೇನೆಯ ಪದವಿಗಳಿಗೂ ಭಾರತೀಯ ಪರಂಪರೆಗೆ ತಕ್ಕ ಹೆಸರುಗಳನ್ನು ಇಡಲಾಗುವುದೆಂದು ಪ್ರಧಾನಮಂತ್ರಿಗಳು ೨೦೨೩ರ ಡಿಸೆಂಬರ್ ೪ರಂದು ಸಿಂಧುದುರ್ಗದಲ್ಲಿ ಸಾರಿದರು. ದಂಡನಾಯಕ, ದಳವಾಯಿ ಎಂಬ ಮಾತುಗಳನ್ನು ಬಳಸಿದ ನಾಡಿನವರಾದ ನಮಗೆ ಇದು ಪ್ರಿಯವಾದ ವಿಚಾರವೇ. ಕಾರವಾರದ ನೌಕಾನೆಲೆಗೆ ‘ಕದಂಬ’ ಎಂಬ ಹೆಸರನ್ನು ಇಟ್ಟಿರುವುದನ್ನು ಕಂಡು ಯಾವ ಕನ್ನಡಿಗನ ಮನಸ್ಸು ಹಿಗ್ಗದು? ಆದರೂ ಲಕೋಟೆಯ ಮೇಲೆ ನಾವಾಗಿಯೇ ಅನುವಾದಕ್ಕೆ ತೊಡಗಬಾರದು. ಕಮೋಡೋರರನ್ನು ‘ನೌಕಾದಳವಾಯಿ’ ಎಂದು ಕರೆದರೆ ಆ ಕಾಗದ ಯಾರಿಗೆಂದು ಯಾರಿಗೂ ತಿಳಿಯದು. ಸಂಸ್ಥೆ ಕೊಟ್ಟ ಹೆಸರೇ ಹೆಸರು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು. ಯುದ್ಧದಲ್ಲಿಯೋ ಕರ್ತವ್ಯದಲ್ಲಿಯೋ ಮಡಿದವನ ದೇಹ ಊರಿಗೆ ಬಂದಾಗ ಬೀದಿಬೀದಿಗಳಲ್ಲಿ ಫಲಕಗಳನ್ನು ಕಟ್ಟುತ್ತೇವೆ. ಅವುಗಳಲ್ಲಿ ‘ವೀರಯೋಧ’ ಎಂಬ ಮಾತು ದೊಡ್ಡದಾಗಿರುತ್ತದೆ, ಫಲಕ ಕಟ್ಟಿಸಿದವರ ಹೆಸರುಗಳೂ ದೊಡ್ಡದಾಗಿರುತ್ತವೆ. ಆತನ ಪದವಿಯೂ ಪಡೆಯೂ ಎಷ್ಟೋ ಸಲ ಕಾಣುವುದೇ ಇಲ್ಲ. ಆ ಲಾನ್ಸ್ ನಾಯಕನ ತಾಯಿ, ಮಗನಿಗೆ ತೋಳಪಟ್ಟಿ ಬಂದ ದಿನ ಕೇರಿಗೆಲ್ಲ ಸಕ್ಕರೆ ಹಂಚಿರುತ್ತಾಳೆ. ನಾವು ಅದನ್ನು ಒಂದು ಕ್ಷಣದಲ್ಲಿ ಅಳಿಸಿಬಿಡುತ್ತೇವೆ. ದೆಹಲಿಯಲ್ಲಿ ೨೦೧೯ರಲ್ಲಿ ಉದ್ಘಾಟಿತವಾದ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ ಒಬ್ಬೊಬ್ಬ ಯೋಧನಿಗೂ ಒಂದೊಂದು ಕಲ್ಲಿದೆ. ಅದರಲ್ಲಿ ಹೆಸರಿನ ಜೊತೆಗೆ ಪದವಿಯನ್ನೂ ಕೆತ್ತಿದ್ದಾರೆ. ನಮ್ಮ ನಾಡಿನ ಊರೂರಿನ ವೀರಗಲ್ಲುಗಳನ್ನು ನಿಲ್ಲಿಸಿದವರಿಗೂ ಇದು ತಿಳಿದಿತ್ತು. ಸತ್ತವನು ಯಾರ ಮಗ, ಯಾರ ಆಳು, ಯಾವ ಕಾಳಗದಲ್ಲಿ ಕಾದಿದನು ಎಂಬುದನ್ನು ಎಷ್ಟೋ ಕಲ್ಲುಗಳ ಮೇಲೆ ಅವರು ಬರೆಯಿಸಿದ್ದಾರೆ.

ಇಷ್ಟೆಲ್ಲವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುವುದು ಹೇಗೆಂದು ವಾಚಕರು ಅಂಜಬೇಕಾಗಿಲ್ಲ. ಒಂದೇ ಒಂದು ಉಪಾಯ ಸಾಕು: ಕೇಳುವುದು. ‘ತಾವು ಯಾವ ಸೇನೆಯಲ್ಲಿ ಇದ್ದೀರಿ, ತಮ್ಮ ಪದವಿ ಯಾವುದು?’ ಎಂದು ವಿನಯದಿಂದ ಕೇಳಿದರೆ ಯಾವ ಯೋಧನೂ ಬೇಸರಪಡುವುದಿಲ್ಲ. ಕೇಳಿದ್ದನ್ನು ಮನೆಯ ವಿಳಾಸದ ಪುಸ್ತಕದಲ್ಲಿ ಹೆಸರಿನ ಪಕ್ಕದಲ್ಲಿಯೇ ಬರೆದಿಡಬೇಕು. ಬಡ್ತಿಯ ಸುದ್ದಿ ಬಂದ ದಿನ ಹಳೆಯದನ್ನು ಹೊಡೆದು ಹೊಸದನ್ನು ಬರೆಯಬೇಕು. ಮಕ್ಕಳ ಕೈಯಲ್ಲಿ ಆ ಕೆಲಸವನ್ನು ಮಾಡಿಸಿದರೆ ಇನ್ನೂ ಒಳ್ಳೆಯದು.