ಕರುಗಳ ಭೇದಿಗೆ ‘ಜಾಗ ಬದಲಿ’ ಮದ್ದು

ಮಾಂಸಕ್ಕಾಗಿ ದನ ಸಾಕುವವರಿಗೆ ಹಾಲಿನ ಆದಾಯ ಇಲ್ಲ. ಹಸು ವರ್ಷಕ್ಕೊಂದು ಕರು ಹಾಕಬೇಕು, ಆ ಕರು ಬದುಕಿ ಬೆಳೆಯಬೇಕು. ಕರು ಸತ್ತಿತೋ, ತಾಯಿಗೆ ಹಾಕಿದ ಒಂದು ವರ್ಷದ ಮೇವು ನಷ್ಟದ ಬಾಬ್ತು.

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ‘ಸ್ಯಾಂಡ್‌ಹಿಲ್ಸ್’ ಎಂಬ ಮರಳುದಿಣ್ಣೆಗಳ ಹುಲ್ಲುಗಾವಲು ಇದೆ. ದೊಡ್ಡ ದೊಡ್ಡ ಹಿಂಡುಗಳ ಸೀಮೆ. ಅಲ್ಲಿನವರನ್ನು ಕಾಡುತ್ತಿದ್ದದ್ದು ಎಳೆಗರುಗಳ ಭೇದಿ. 2000ದ ಸುಮಾರಿಗೆ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪಶುವೈದ್ಯರು ಇದಕ್ಕೊಂದು ಉಪಾಯ ರೂಪಿಸಿದರು. ಹೊಸ ಔಷಧಿಯಲ್ಲ, ಲಸಿಕೆಯೂ ಅಲ್ಲ. ಬೇಕಾದ್ದು ಬೇಲಿ ಮತ್ತು ಕ್ಯಾಲೆಂಡರ್, ಅಷ್ಟೆ!

ತಡವಾಗಿ ಹುಟ್ಟಿದವಕ್ಕೇ ಯಾಕೆ?

ಭೇದಿ ತರುವ ರೋಟಾ ವೈರಸ್, ಕ್ರಿಪ್ಟೊಸ್ಪೊರಿಡಿಯಂನಂಥ ರೋಗಾಣುಗಳು ದೊಡ್ಡ ಹಸುಗಳ ಹೊಟ್ಟೆಯಲ್ಲೂ ಇರಬಹುದು. ಹಸುವಿಗೆ ತೊಂದರೆ ಕಾಣುವುದಿಲ್ಲ. ಸೆಗಣಿಯಲ್ಲಿ ಅಷ್ಟಿಷ್ಟು ಹೊರಬೀಳುತ್ತವೆ. ಮೊದಲು ಹುಟ್ಟಿದ ಕರು ಅದನ್ನು ನೆಕ್ಕುತ್ತದೆ. ಕರುವಿನ ಕರುಳಲ್ಲಿ ರೋಗಾಣು ಲೆಕ್ಕವಿಲ್ಲದಷ್ಟು ಹೆಚ್ಚಿ ನೆಲಕ್ಕೆ ಬೀಳುತ್ತದೆ. ಮುಂದಿನ ಕರುವಿಗೆ ಇನ್ನಷ್ಟು ಪಾಲು. ಹೀಗೆ ಕೊನೆಕೊನೆಗೆ ಹುಟ್ಟುವ ಕರು ನೆಲಕ್ಕೆ ಬೀಳುವಾಗಲೇ ಸುತ್ತೆಲ್ಲ ರೋಗ. ಹುಟ್ಟಿದ ಮೊದಲೆರಡು ವಾರವೇ ಅಪಾಯದ ಕಾಲ ಬೇರೆ.

ಮಾಡುವುದು ಹೇಗೆ?

ಗಬ್ಬದ ಹಸುಗಳನ್ನೆಲ್ಲ ಒಂದನೇ ಗಾವಲಿಗೆ ಬಿಡುವುದು. ಕರು ಹಾಕಲು ಸುರುವಾಗಿ ಎರಡು ವಾರ ಆದ ಮೇಲೆ, ಇನ್ನೂ ಕರು ಹಾಕದ ಹಸುಗಳನ್ನು ಮಾತ್ರ ಎರಡನೇ ಗಾವಲಿಗೆ ಹೊಡೆಯುವುದು. ಕರು ಹಾಕಿದವು ಕರುವಿನೊಂದಿಗೆ ಇದ್ದಲ್ಲೇ ಇರಲಿ. ಮತ್ತೆ ಒಂದು ವಾರಕ್ಕೆ ಉಳಿದ ಗಬ್ಬದ ಹಸುಗಳು ಮೂರನೆಯದಕ್ಕೆ. ಹೀಗೆ ವಾರಕ್ಕೊಂದು ಹೊಸ ಜಾಗ.

ಗುಟ್ಟು ಇಲ್ಲೇ ಇದೆ. ಬಾಣಂತಿ–ಕರುವನ್ನು ಹೊಸ ಜಾಗಕ್ಕೆ ಒಯ್ದರೆ ರೋಗವನ್ನೂ ಜೊತೆಗೇ ಒಯ್ದಂತೆ. ಗಬ್ಬದ ಹಸು ಮುಂದೆ ಹೋದರೆ ಹೊಸ ಕರು ಶುದ್ಧ ನೆಲದಲ್ಲಿ ಹುಟ್ಟುತ್ತದೆ. ಒಂದೊಂದು ಗಾವಲಿನ ಕರುಗಳ ಪ್ರಾಯದಲ್ಲಿ ಹೆಚ್ಚು ಅಂತರವೂ ಇರುವುದಿಲ್ಲ. ಅತಿ ಎಳೆಯ ಕರುವಿಗೆ ನಾಲ್ಕು ವಾರ ತುಂಬಿದ ಮೇಲೆ ಗುಂಪುಗಳನ್ನು ಒಟ್ಟು ಮಾಡಬಹುದು.

ನಮ್ಮ ಹಟ್ಟಿಗೆ?

ನಮ್ಮಲ್ಲಿ ಅಂಥ ಗಾವಲು ಎಲ್ಲಿಂದ ಬರಬೇಕು? ತತ್ವ ಮಾತ್ರ ನಾಲ್ಕು ದನದ ಹಟ್ಟಿಗೂ ಹೊಂದುತ್ತದೆ:

* ಹೆರಿಗೆಗೆ ಬೇರೆಯೇ ಮೂಲೆ ಇರಲಿ. ಹಳೆ ಸೊಪ್ಪು, ಗೊಬ್ಬರ ತೆಗೆದು ಒಣಗಿದ ಹೊಸ ಹಾಸು ಹಾಕಿ.

* ಹತ್ತಿಪ್ಪತ್ತು ದಿನದ ಕರು ಕಟ್ಟಿದ ಜಾಗದಲ್ಲಿ ತೊಳೆದು ಒಣಗಿಸದೆ ಹೊಸ ಕರು ಕಟ್ಟಬೇಡಿ. ಎರಡನ್ನೂ ಪರಸ್ಪರ ನೆಕ್ಕುವಷ್ಟು ಹತ್ತಿರ ಬಿಡಬೇಡಿ.

* ಚಾಕರಿಯಲ್ಲಿ ಎಳೆಗರು ಮೊದಲು, ದೊಡ್ಡ ಕರು ಆಮೇಲೆ, ಭೇದಿಯದ್ದು ಕೊನೆಗೆ. ಬಕೆಟ್ ಬೇರೆ ಬೇರೆ, ಕೈಗೆ ಸೋಪು.

* ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಅದರ ರೋಗನಿರೋಧಕ ಅಂಶವನ್ನು ಕರುಳು ಹೀರುವುದು ಸುಮಾರು ಒಂದು ದಿನದವರೆಗೆ ಮಾತ್ರ. ತಾಸು ಕಳೆದಂತೆ ಅದೂ ಕಡಿಮೆ.

ಇಷ್ಟಾಗಿಯೂ ಭೇದಿ ಬಂದರೆ? ಕರುವನ್ನು ಕೊಲ್ಲುವುದು ಹೆಚ್ಚಾಗಿ ಮೈಯ ನೀರು, ಲವಣ ಬತ್ತುವುದು. ಹಾಲು ನಿಲ್ಲಿಸದೆ, ಮಧ್ಯೆ ಮಧ್ಯೆ ಲವಣದ ದ್ರಾವಣ ಕುಡಿಸಿ. ಕಣ್ಣು ಗುಳಿಬಿದ್ದರೆ, ಎದ್ದು ನಿಲ್ಲಲಾರದಿದ್ದರೆ ತಡ ಮಾಡದೆ ಪಶುವೈದ್ಯರನ್ನು ಕರೆಸಿ. ಇವೆಲ್ಲ ಕಾಯಿಲೆ ಬಂದ ಮೇಲಿನ ಮಾತು. ಒಣ ಮೂಲೆಯೊಂದನ್ನು ಹೆರಿಗೆಗೆ ಮೊದಲೇ ತಯಾರು ಮಾಡಿಡಲು ಅರ್ಧ ದಿನದ ಕೆಲಸ ಸಾಕು.