ಕ್ರ್ಯಾಂಕ್ ಸೆನ್ಸರ್ ಬದಲಿಸುವ ಮುನ್ನ

ಬಿರುಬೇಸಿಗೆಯ ಮಧ್ಯಾಹ್ನ ನವಲಗುಂದದಿಂದ ಹುಬ್ಬಳ್ಳಿಗೆ ಹೊರಟ ಕಾರು ಓಡುತ್ತಿರುವಾಗಲೇ ಬಂದ್ ಬೀಳುತ್ತದೆ. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಚಾಲೂ ಆಗುವುದಿಲ್ಲ. ಬೇವಿನ ನೆರಳಲ್ಲಿ ಅರ್ಧ ತಾಸು ಆರಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಇಂಧನದ ಪಂಪ್ ಕೆಟ್ಟಾಗಲೂ ಹೀಗಾಗುವುದುಂಟು. ಆದರೆ ಬಿಸಿಯಾದಾಗ ನಿಂತು, ತಣ್ಣಗಾದಾಗ ಎದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಬಲವಾದ ಅನುಮಾನ ಬರಬೇಕು. ಇದು ಬರೀ ತೊಂದರೆಯ ಮಾತಲ್ಲ. ಎಂಜಿನ್ ನಿಂತೊಡನೆ ಬಹಳಷ್ಟು ಕಾರುಗಳಲ್ಲಿ ಸ್ಟೇರಿಂಗ್ ಬಿಗಿಯಾಗುತ್ತದೆ, ಕೆಲವು ಸಲ ತುಳಿದ ಮೇಲೆ ಬ್ರೇಕೂ ಗಟ್ಟಿಯಾಗುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಜೀವಕ್ಕೇ ಕುತ್ತು.

ಇಂಧನ ಯಾವ ಕ್ಷಣ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂದು ನಿರ್ಧರಿಸುವುದು ಇಸಿಎಂ ಎಂಬ ಕಂಪ್ಯೂಟರ್. ಪಿಸ್ಟನ್ ಎಲ್ಲಿದೆ ಎಂದು ಅದಕ್ಕೆ ಗೊತ್ತಾಗಬೇಕಲ್ಲ! ಅದಕ್ಕಾಗಿ ಕ್ರ್ಯಾಂಕ್ ಶಾಫ್ಟ್ ಜೊತೆ ತಿರುಗುವ ಒಂದು ಹಲ್ಲಿನ ಚಕ್ರವಿದೆ. ಬಹಳ ಕಾರುಗಳಲ್ಲಿ 60 ಹಲ್ಲುಗಳ ಜಾಗದಲ್ಲಿ 58 ಹಲ್ಲು ಮಾತ್ರ ಇರುತ್ತವೆ. ಎರಡು ಹಲ್ಲಿಲ್ಲದ ಖಾಲಿ ಜಾಗವೇ ಗುರುತು. ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಕೂತ ಸೆನ್ಸರ್ ಆ ಹಲ್ಲುಗಳನ್ನು ಎಣಿಸುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 2900 ಹಲ್ಲು! ಈ ಎಣಿಕೆ ತಪ್ಪಿದರೆ ಇಂಧನವೂ ಇಲ್ಲ, ಕಿಡಿಯೂ ಇಲ್ಲ.

ಎರಡು ವೈರಿನ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಇರುತ್ತವೆ. 1831ರಲ್ಲಿ ಫ್ಯಾರಡೆ ಕಂಡ ತತ್ವವೇ ಇಲ್ಲಿ ಕೆಲಸ ಮಾಡುವುದು. ಮೂರು ವೈರಿನದು ಹೆಚ್ಚಾಗಿ 1879ರಲ್ಲಿ ಎಡ್ವಿನ್ ಹಾಲ್ ಕಂಡ ಪರಿಣಾಮದ್ದು. ಅದಕ್ಕೆ ಹೊರಗಿನಿಂದ 5 ಅಥವಾ 12 ವೋಲ್ಟ್ ಬೇಕು. ಸುರುಳಿಯ ಕೂದಲೆಳೆಯ ತಂತಿ ಎಲ್ಲೋ ಬಿರಿದಿದ್ದರೆ ಕಾವಿಗೆ ಹಿಗ್ಗಿ ಬಿಡಿಸಿಕೊಳ್ಳುತ್ತದೆ, ತಣಿದಾಗ ಮತ್ತೆ ತಾಗುತ್ತದೆ. ಬೇವಿನ ನೆರಳಿನ ಗುಟ್ಟು ಇದೇ.

ಸ್ಕ್ಯಾನರ್ ಹಚ್ಚಿದರೆ ಪಿ0335 ಎಂಬ ಕೋಡ್ ಬರಬಹುದು. ಬಂದ ಕೂಡಲೇ ಸೆನ್ಸರ್ ಬದಲಿಸುವ ರೂಢಿ ನನಗೆ ಸರಿಕಾಣುವುದಿಲ್ಲ. ಆ ಕೋಡ್ ಹೇಳುವುದು ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ದೋಷವಿದೆ ಎಂದಷ್ಟೇ. ವೈರು, ಕಪ್ಲರ್, ಇಸಿಎಂ ಎಲ್ಲವೂ ಆ ಸರ್ಕ್ಯೂಟ್‌ನೊಳಗೇ ಬಂದವು. ಮೇವಿನ ಬಣವೆಯ ಪಕ್ಕ ನಿಲ್ಲಿಸಿದ ಗಾಡಿಯ ವೈರನ್ನು ಇಲಿ ಕಡಿದಿರಬಹುದು. ಎರೆ ನೆಲದ ಕೆಸರು, ಕಲಘಟಗಿ ಕಡೆಯ ಮಳೆನೀರು ಕಪ್ಲರ್‌ಗೆ ಇಳಿದು ಪಿನ್ನಿಗೆ ಕಿಲುಬು ಹಿಡಿದಿರಬಹುದು. ಸೆನ್ಸರ್ ಬಿಚ್ಚಿದಾಗ ಅದರ ಮೂತಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿರುವುದೂ ಉಂಟು. ಒರೆಸಿ ಹಾಕಿದರೆ ಸಿಗ್ನಲ್ ಸರಿಹೋಗಬಹುದು.

ಗಾಡಿ ಬಂದ್ ಬಿದ್ದಿರುವಾಗಲೇ ಸೆಲ್ಫ್ ಹೊಡೆಯುತ್ತ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಬೇಕು. ಎಂಜಿನ್ ತಿರುಗುತ್ತಿದ್ದರೂ ಸೊನ್ನೆಯೇ ಇದ್ದರೆ ಸಿಗ್ನಲ್ ಇಸಿಎಂಗೆ ತಲುಪುತ್ತಿಲ್ಲ. ಸುರುಳಿಯ ಸೆನ್ಸರಾದರೆ ಮಲ್ಟಿಮೀಟರ್‌ನಿಂದ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಓಮ್ ಅಳೆದು ಕಂಪನಿಯ ಲೆಕ್ಕಕ್ಕೆ ಹೋಲಿಸಬೇಕು. ಮೂರು ವೈರಿನ ಹಾಲ್ ಸೆನ್ಸರಿಗೆ ಓಮ್ ನೋಡಿ ಉಪಯೋಗವಿಲ್ಲ. ಚಾವಿ ಆನ್ ಮಾಡಿ ಕಪ್ಲರ್‌ಗೆ ವೋಲ್ಟ್ ಬರುತ್ತದೆಯೇ, ಅರ್ಥ್ ಸರಿ ಇದೆಯೇ ಎಂದು ಪರೀಕ್ಷಿಸಬೇಕು. ಅಲ್ಲೇ ವೋಲ್ಟ್ ಇಲ್ಲದಿದ್ದರೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ಗಾಡಿ ಏಳದು.

ಕುಂದಗೋಳ, ಅಣ್ಣಿಗೇರಿಯಂಥ ಊರಿನಲ್ಲಿ ಹುಬ್ಬಳ್ಳಿಯಿಂದ ಸಾಮಾನು ತರಿಸಲು ದುಡ್ಡು ಕೊಡುವ ಮೊದಲು ಗ್ಯಾರೇಜಿನವರನ್ನು ಇಷ್ಟು ಕೇಳಿ: "ಅಣ್ಣಾರ, ಸೆಲ್ಫ್ ಹೊಡಿವಾಗ ಆರ್‌ಪಿಎಂ ಎಷ್ಟ ತೋರಸ್ತೈತ್ರಿ? ವೈರ್, ಕಪ್ಲರ್ ಚೆಕ್ ಮಾಡೀರೇನ್ರಿ?"